ಬಳಪ ತಿನ್ನುವ ಮಗಳು, ನಾಲ್ಕು ಲೋಟ ಹಾಲು ಮತ್ತು ಮೆಮೊರಿ ಪೌಡರ್

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 3 ವರ್ಷ 8 ತಿಂಗಳು. ಈ ಜೂನ್‌ನಲ್ಲಿ ನರ್ಸರಿಗೆ ಸೇರಿಸಿದೆವು. ತೂಕ 12.5 ಕೆ.ಜಿ., ಎತ್ತರ 95 ಸೆಂ.ಮೀ. ಅನ್ನ, ಮುದ್ದೆ, ದೋಸೆ ಏನು ಕೊಟ್ಟರೂ ಎರಡು ತುತ್ತಿಗೆ ಮುಖ ತಿರುಗಿಸುತ್ತಾಳೆ. ಮೊಬೈಲ್ ಹಾಕಿಕೊಟ್ಟರೆ ನಾಲ್ಕು ತುತ್ತು ಜಾಸ್ತಿ. ಹಾಲು ಮಾತ್ರ ಎಷ್ಟು ಕೊಟ್ಟರೂ ಕುಡಿಯುತ್ತಾಳೆ. ದಿನಕ್ಕೆ ನಾಲ್ಕು ದೊಡ್ಡ ಲೋಟ, ರಾತ್ರಿಯದು ಬಾಟಲಿಯಲ್ಲಿ. ಬೆಳಗ್ಗೆ ಹಾಲು ಕುಡಿದೇ ಸ್ಕೂಲಿಗೆ ಹೋಗುತ್ತಾಳೆ. ‘ಹಾಲು ಹೊಟ್ಟೆಗೆ ಹೋದರೆ ಸಾಕು, ಬಿಡು’ ಅಂತಾರೆ ನಮ್ಮ ಅತ್ತೆ. ಮೊನ್ನೆ ಸ್ಕೂಲಲ್ಲಿ ಮಿಸ್ ‘ಒಂದು ಕಡೆ ಗಮನ ಇಲ್ಲ, ಬೇಗ ಸುಸ್ತಾಗ್ತಾಳೆ, ಬಳಪ ತಿಂತಾಳೆ’ ಎಂದರು. ಕ್ಯಾಲ್ಸಿಯಂ ಕಮ್ಮಿ ಇರಬೇಕು ಅಂತ ಪಕ್ಕದ ಮನೆಯವರು. ಮೆಮೊರಿ ಪವರ್ ಹೆಚ್ಚಿಸುತ್ತೆ ಅಂತ ಟಿವಿಯಲ್ಲಿ ಬರುವ ಪೌಡರನ್ನು ಹಾಲಿಗೆ ಹಾಕಿ ಕೊಡಲಾ? ಇವಳ ತಮ್ಮನಿಗೆ ಈಗ 7 ತಿಂಗಳು, ಎದೆಹಾಲು ಮತ್ತು ಅನ್ನದ ಗಂಜಿ ಕೊಡುತ್ತಿದ್ದೇನೆ.
— ಒಬ್ಬ ತಾಯಿ, ತುಮಕೂರು

ಉತ್ತರ: ಪೌಡರ್ ಬೇಡ. ಮೊದಲು ಮಗಳಿಗೆ ಒಂದು ರಕ್ತಪರೀಕ್ಷೆ ಮಾಡಿಸಿ.

ನೀವು ನಾಲ್ಕು ಸಮಸ್ಯೆ ಬರೆದಿದ್ದೀರಿ. ಊಟ ಸೇರಲ್ಲ, ಬೇಗ ಸುಸ್ತು, ಗಮನ ಇಲ್ಲ, ಬಳಪ ತಿನ್ನುತ್ತಾಳೆ. ಜೊತೆಗೆ ಸಮಸ್ಯೆ ಅಂತ ನಿಮಗೆ ಅನ್ನಿಸದ ಐದನೆಯದೂ ಒಂದಿದೆ: ನಾಲ್ಕು ಲೋಟ ಹಾಲು. ಇವೆಲ್ಲ ಒಂದೇ ಮಗುವಿನಲ್ಲಿ ಕಂಡಾಗ ಮಕ್ಕಳ ಡಾಕ್ಟರ್ ಯಾರೇ ಆಗಲಿ ಮೊದಲು ಅನುಮಾನಿಸುವುದು ಕಬ್ಬಿಣಾಂಶದ ಕೊರತೆಯನ್ನು. ಪತ್ರ ನೋಡಿ ಕಾಯಿಲೆ ಹೇಳಲು ಆಗುವುದಿಲ್ಲ, ಅದಕ್ಕೇ ಪರೀಕ್ಷೆ. ಆದರೂ ಬಳಪದ ಮಾತು ಬಂದಮೇಲೆ ನನಗೆ ಅನುಮಾನ ಜಾಸ್ತಿಯೇ ಆಯಿತು.

ಬಳಪ, ಸುಣ್ಣ, ಗೋಡೆಯ ಮಣ್ಣು ತಿಂದರೆ ಕ್ಯಾಲ್ಸಿಯಂ ಕಮ್ಮಿ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬಳಪ ಬೆಳ್ಳಗಿದೆ, ಹಾಲೂ ಬೆಳ್ಳಗಿದೆ, ಲೆಕ್ಕ ಸರಿಹೋಯಿತು ಅಂತ ಅನ್ನಿಸಬಹುದು. ನಿಮ್ಮ ಮಗಳ ವಿಷಯದಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಈ ವಯಸ್ಸಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 500 ಮಿಲಿಗ್ರಾಂ. ನಾಲ್ಕು ಲೋಟ ಹಾಲಿನಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತಿದೆ. ಆಹಾರವಲ್ಲದ್ದನ್ನು ತಿನ್ನಬೇಕು ಅನ್ನಿಸುವ ಈ ಚಪಲಕ್ಕೆ ವೈದ್ಯರು ‘ಪೈಕಾ’ ಎನ್ನುತ್ತಾರೆ. ಪೈಕಾ ಇರುವ ಮಕ್ಕಳ ರಕ್ತ ನೋಡಿದರೆ ಬಹಳ ಸಲ ಸಿಗುವುದು ಕಬ್ಬಿಣಾಂಶದ ಕೊರತೆ. ಕಬ್ಬಿಣದ ಔಷಧ ಶುರು ಮಾಡಿದ ಕೆಲವೇ ವಾರಗಳಲ್ಲಿ ಎಷ್ಟೋ ಮಕ್ಕಳು ಬಳಪದ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಅವಳನ್ನು ಬೈಯಬೇಡಿ, ಕೈಗೆ ಹೊಡೆಯಬೇಡಿ. ಅದು ಕೆಟ್ಟ ಚಾಳಿಯಲ್ಲ.

ಈಗ ಹಾಲಿಗೆ ಬರೋಣ. ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಹಾಲಿನಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇದೆ, ಬಿ12 ಇದೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಸಿಗುವುದೇ ಹಾಲು, ಮೊಸರಿನಿಂದ. ಆದರೆ ಹಾಲಿನಲ್ಲಿ ಕಬ್ಬಿಣ ಹೆಸರಿಗಷ್ಟೇ. ಹಸುವಿನ ಹಾಲಿನಲ್ಲಿ ಲೀಟರ್‌ಗೆ ಸುಮಾರು ಅರ್ಧ ಮಿಲಿಗ್ರಾಂ ಅಷ್ಟೆ. ನಿಮ್ಮ ಮಗಳಿಗೆ ದಿನಕ್ಕೆ ಬೇಕಾದದ್ದು 8 ಮಿಲಿಗ್ರಾಂ, ನಾಲ್ಕು ತುಂಬಿದ ಮೇಲೆ 11. ಸಾಲದ್ದಕ್ಕೆ, ಹಾಲಿನ ಕ್ಯಾಲ್ಸಿಯಂ ಮತ್ತು ಕೇಸೀನ್ ಎಂಬ ಪ್ರೋಟೀನ್ ಎರಡೂ ಬೇರೆ ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಊಟ ಯಾಕೆ ಸೇರಲ್ಲ ಅನ್ನುವುದಕ್ಕೂ ಲೆಕ್ಕ ಇಲ್ಲೇ ಇದೆ. ಲೋಟಕ್ಕೆ 200 ಮಿಲಿ ಅಂದುಕೊಂಡರೆ ನಾಲ್ಕು ಲೋಟ 800 ಮಿಲಿ. ಟೋನ್ಡ್ ಹಾಲಾದರೂ ಸುಮಾರು 460 ಕ್ಯಾಲೊರಿ ಆಯಿತು. ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿದರೆ ಇನ್ನೊಂದು 80. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾಗುವುದೇ ಸಾವಿರದ ಆಸುಪಾಸು. ಅಂದರೆ ಅರ್ಧಕ್ಕಿಂತ ಜಾಸ್ತಿ ಹಾಲಿನಲ್ಲೇ ತುಂಬಿಹೋಯಿತು. ಇನ್ನು ಮುದ್ದೆ ತಿನ್ನು ಅಂದರೆ ಪಾಪ ಅವಳು ಎಲ್ಲಿಂದ ತಿಂತಾಳೆ? ಅವಳು ಹಟ ಮಾಡುತ್ತಿಲ್ಲ. ಅವಳಿಗೆ ಹಸಿವೇ ಇಲ್ಲ. ಅಲ್ಲದೆ ಕಬ್ಬಿಣಾಂಶ ಕಡಿಮೆಯಾದರೆ ಹಸಿವೂ ಕಡಿಮೆಯಾಗುತ್ತದೆ. ಆಗ ಅಮ್ಮ ಇನ್ನೊಂದು ಲೋಟ ಹಾಲು ಕೊಡುತ್ತಾಳೆ. ಹೀಗೇ ಸುತ್ತುತ್ತಾ ಹೋಗುತ್ತದೆ.

ಇದಕ್ಕೂ ಕಲಿಕೆಗೂ ಏನು ಸಂಬಂಧ? ಕಬ್ಬಿಣ ಅಂದರೆ ರಕ್ತ ಅಂತಷ್ಟೇ ನಾವು ಯೋಚಿಸುತ್ತೇವೆ. ಆದರೆ ಮಿದುಳಿಗೂ ಅದು ಬೇಕೇ ಬೇಕು. ನರತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನ ಪದರ ಇರುತ್ತದೆ, ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇದ್ದ ಹಾಗೆ. ಆ ಪದರ ಚೆನ್ನಾಗಿದ್ದರೆ ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಬೇಗ ಹೋಗುತ್ತದೆ. ಅದನ್ನು ಕಟ್ಟುವ ಕೋಶಗಳಿಗೆ ಕಬ್ಬಿಣ ಬೇಕು. ಗಮನ, ಉತ್ಸಾಹ, ಹೊಸದನ್ನು ಮಾಡಿನೋಡುವ ಆಸೆ, ಇವಕ್ಕೆಲ್ಲ ಬೇಕಾದ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ತಯಾರಾಗುವುದಕ್ಕೂ ಕಬ್ಬಿಣ ಬೇಕು. ಇನ್ನೊಂದು ವಿಷಯ ತುಂಬ ತಾಯಂದಿರಿಗೆ ಗೊತ್ತಿರುವುದಿಲ್ಲ. ಇರುವ ಸ್ವಲ್ಪ ಕಬ್ಬಿಣವನ್ನು ದೇಹ ಮೊದಲು ರಕ್ತಕ್ಕೆ ಕೊಡುತ್ತದೆ, ಮಿದುಳಿಗೆ ಆಮೇಲೆ. ಹಾಗಾಗಿ ಹಿಮೋಗ್ಲೋಬಿನ್ ಬೀಳುವ ಮೊದಲೇ ಮಿದುಳಿಗೆ ಕೊರತೆ ಶುರುವಾಗಿರಬಹುದು. ಕಬ್ಬಿಣ ಕಡಿಮೆ ಇರುವ ಮಗು ಜೋರಾಗಿ ಅಳುವುದಿಲ್ಲ, ಜ್ವರ ಬರುವುದಿಲ್ಲ. ಸುಮ್ನೆ ಒಂದು ಮೂಲೆಯಲ್ಲಿ ಕೂರುತ್ತದೆ, ಬೇಗ ಕಿರಿಕಿರಿ ಮಾಡಿಕೊಳ್ಳುತ್ತದೆ, ಅಮ್ಮನ ಸೆರಗು ಬಿಡುವುದಿಲ್ಲ. ‘ನಮ್ಮ ಮಗು ತುಂಬಾ ಸಾಧು’ ಅಂತ ಮನೆಯವರು ಖುಷಿಪಡುವುದೂ ಉಂಟು.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5% ಮಂದಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಕಬ್ಬಿಣದಿಂದಲೇ ಅಂತಲ್ಲ. ಆದರೂ ಮೂರರಲ್ಲಿ ಎರಡು ಮಕ್ಕಳು ಅಂದರೆ ನಿಮ್ಮ ಮಗಳ ತರಗತಿಯ ಸಾಲು ಸಾಲೇ ಆಯಿತಲ್ವಾ?

ಪರೀಕ್ಷೆಯ ವಿಷಯ. ಸಿಬಿಸಿ (ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್ ಇದರಲ್ಲೇ ಬರುತ್ತದೆ), ಅದರ ಜೊತೆ ಸೀರಂ ಫೆರಿಟಿನ್ ಮಾಡಿಸಿ. ಅವಳ ವಯಸ್ಸಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಫೆರಿಟಿನ್ ಅಂದರೆ ದೇಹದ ದಾಸ್ತಾನು, ಅದು 12ಕ್ಕಿಂತ ಕೆಳಗಿದ್ದರೆ ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕಬ್ಬಿಣ ಖಾಲಿಯಾಗಿದೆ ಅಂತ. ಜ್ವರ, ನೆಗಡಿ ಇದ್ದಾಗ ಮಾಡಿಸಬೇಡಿ, ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ತೂಕ, ಎತ್ತರ ಎರಡೂ ಬೆಳವಣಿಗೆಯ ಚಾರ್ಟಿನಲ್ಲಿ ಕೆಳಗಿನ ಭಾಗದಲ್ಲಿವೆ, ಆದರೆ ಅಪಾಯದ ಗೆರೆಯಿಂದ ಮೇಲೇ ಇವೆ. ಗಾಬರಿ ಬೇಡ. ಆರು ತಿಂಗಳ ಹಿಂದಿನ ತೂಕ ತಾಯಿ ಕಾರ್ಡಿನಲ್ಲೋ ಡಾಕ್ಟರ ಚೀಟಿಯಲ್ಲೋ ಇದ್ದರೆ ತೆಗೆದುಕೊಂಡು ಹೋಗಿ, ಏರುತ್ತಿದೆಯೇ ನಿಂತಿದೆಯೇ ಅನ್ನುವುದು ಮುಖ್ಯ. ಪದೇ ಪದೇ ಕಿವಿ ಸೋರುವುದು, ನೆಗಡಿ ಇದ್ದರೆ ಕಿವಿ ಕೇಳಿಸುವುದನ್ನೂ ಪರೀಕ್ಷಿಸಲು ಹೇಳಿ. ಸರಿಯಾಗಿ ಕೇಳಿಸದ ಮಗುವನ್ನೂ ‘ಗಮನ ಇಲ್ಲ’ ಎನ್ನುತ್ತಾರೆ. ಇನ್ನೊಂದು ಮಾತು, ಮೂರೂವರೆ ವರ್ಷದ ಮಗು ಹತ್ತು ನಿಮಿಷ ಒಂದು ಕಡೆ ಕೂತರೆ ಅದೇ ದೊಡ್ಡದು. ಮಿಸ್ ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಗಮನಕ್ಕಿಂತ ಸುಸ್ತು ಮತ್ತು ಬಳಪ.

ಕೊರತೆ ಇದೆ ಅಂತ ಬಂದರೆ ಊಟದಿಂದಲೇ ಸರಿಮಾಡುತ್ತೇನೆ ಅಂತ ಹೊರಡಬೇಡಿ. ಖಾಲಿಯಾದ ದಾಸ್ತಾನು ತುಂಬಲು ಔಷಧ ಬೇಕು. ಎಷ್ಟು ಕೊಡಬೇಕು ಅಂತ ತೂಕ ನೋಡಿ ಡಾಕ್ಟರ್ ಹೇಳುತ್ತಾರೆ. ಕಬ್ಬಿಣದ ಸಿರಪ್ಪನ್ನು ಹಾಲಿನ ಜೊತೆ ಕೊಡಬೇಡಿ, ನಡುವೆ ಒಂದೆರಡು ಗಂಟೆ ಬಿಡಿ. ನಿಂಬೆರಸದ ನೀರಿನ ಜೊತೆ ಕೊಟ್ಟರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಲ್ಲಿಗೆ ಕರೆ ಹಿಡಿಯದ ಹಾಗೆ ನಾಲಿಗೆಯ ಹಿಂಭಾಗಕ್ಕೆ ಹಾಕಿ ನೀರು ಕುಡಿಸಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸಾಮಾನ್ಯವಾಗಿ ಎರಡು-ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ, ಮಧ್ಯದಲ್ಲಿ ಬಿಡಬೇಡಿ. ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಸಿಹಿಯಾಗಿದೆ ಅಂತ ಮಗು ಒಂದೇ ಸಲ ಕುಡಿದುಬಿಟ್ಟರೆ ಜೀವಕ್ಕೇ ಅಪಾಯ. ಬಳಪ, ಮಣ್ಣು ತಿನ್ನುವ ಮಗುವಿಗೆ ಜಂತುಹುಳುವಿನ ಮಾತ್ರೆಯೂ ಆಗಬೇಕು. ಅಂಗನವಾಡಿ, ಶಾಲೆಗಳಲ್ಲಿ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಸಿಕ್ಕಿದೆಯಾ ಕೇಳಿ.

ಹಾಲನ್ನು ಎಷ್ಟಕ್ಕೆ ಇಳಿಸಬೇಕು? ಮೊಸರು, ಮಜ್ಜಿಗೆ ಸೇರಿ ದಿನಕ್ಕೆ 400 ಮಿಲಿ ಸಾಕು. ಒಂದೇ ದಿನ ನಿಲ್ಲಿಸಬೇಡಿ. ಮೊದಲು ರಾತ್ರಿಯ ಬಾಟಲಿ ಹೋಗಲಿ. ಬಾಟಲಿ ಕಚ್ಚಿಕೊಂಡು ಮಲಗುವ ಮಕ್ಕಳ ಮುಂದಿನ ಹಲ್ಲು ಹುಳುಕಾಗುವುದನ್ನು ದಿನಾ ನೋಡುತ್ತೇವೆ. ಆಮೇಲೆ ಮಧ್ಯಾಹ್ನದ ಲೋಟ. ಉಳಿದ ಎರಡನ್ನು ಚಿಕ್ಕ ಲೋಟದಲ್ಲಿ, ತಿಂಡಿ ಊಟ ಆದ ಒಂದು ಗಂಟೆ ಮೇಲೆ ಕೊಡಿ. ಮೊದಲ ನಾಲ್ಕೈದು ದಿನ ಮನೆಯಲ್ಲಿ ರಂಪ ಗ್ಯಾರಂಟಿ. ಆಗ ಅತ್ತೆಯವರು ‘ಮಗು ಉಪವಾಸ ಬಿದ್ದಿದೆ’ ಅಂತ ಹಾಲು ಕಾಯಿಸಲು ಎದ್ದೇಳುತ್ತಾರೆ, ಅದೂ ಗ್ಯಾರಂಟಿ. ಮೊದಲೇ ಕೂತು ಮಾತಾಡಿ. ರಕ್ತಪರೀಕ್ಷೆಯ ರಿಪೋರ್ಟ್ ತೋರಿಸಿ. ಹಾಲು ನಿಲ್ಲಿಸುತ್ತಿಲ್ಲ, ಊಟಕ್ಕೆ ಜಾಗ ಮಾಡುತ್ತಿದ್ದೇವೆ ಅಂತ ಹೇಳಿ. ಸಾಧ್ಯವಾದರೆ ಬೆಳಗಿನ ರಾಗಿ ರೊಟ್ಟಿಯ ಕೆಲಸ ಅವರಿಗೇ ಒಪ್ಪಿಸಿ. ಅಜ್ಜಿ ಪಕ್ಕದಲ್ಲಿ ಕೂತು ಮುರಿದುಕೊಟ್ಟ ರೊಟ್ಟಿ ಅಮ್ಮನ ರೊಟ್ಟಿಗಿಂತ ರುಚಿ, ಯಾಕೋ ಏನೋ.

ಊಟಕ್ಕೆ ತುಮಕೂರಿನವರಿಗೆ ನಾನು ಹೊಸದಾಗಿ ಹೇಳಿಕೊಡುವುದೇನಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ. 30 ಗ್ರಾಂ ರಾಗಿಹಿಟ್ಟಿನ ಪುಟ್ಟ ಮುದ್ದೆಯಲ್ಲಿ ಸುಮಾರು 1.4 ಮಿಲಿಗ್ರಾಂ ಕಬ್ಬಿಣ ಇದೆ, 20 ಗ್ರಾಂ ಹುರುಳಿಯಲ್ಲಿ 1.7ರಷ್ಟು. ಆದರೆ ಕಾಳು, ಸೊಪ್ಪು, ಧಾನ್ಯದಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಎರಡು ಉಪಾಯ. ಒಂದು, ಮೊಳಕೆ ಕಟ್ಟುವುದು, ಆಗ ಫೈಟೇಟ್ ಕಡಿಮೆಯಾಗುತ್ತದೆ. ಇನ್ನೊಂದು, ಅದೇ ಊಟದಲ್ಲಿ ವಿಟಮಿನ್ ಸಿ. ಸಾರಿನ ಬಟ್ಟಲಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಿಂಡಿದರೆ ವಿಟಮಿನ್ ಹಾಳು. ಊಟವಾದ ಮೇಲೆ ಬಾಳೆಹಣ್ಣಿನ ಬದಲು ಒಂದು ಹೋಳು ಸೀಬೆಹಣ್ಣು ಕೊಡಿ. ಹೆಸರುಬೇಳೆ ಕೋಸಂಬರಿಗೆ ನಿಂಬೆರಸ ಹಾಕುತ್ತೇವಲ್ಲ, ಅದು ರುಚಿಗೆ ಮಾತ್ರ ಅಲ್ಲ. ಟೀ ಮಾತ್ರ ಬೇಡವೇ ಬೇಡ. ದೊಡ್ಡವರ ಲೋಟದಿಂದ ಸಾಸರಿಗೆ ಒಂದಿಷ್ಟು ಬಗ್ಗಿಸಿ ಬಿಸ್ಕೆಟ್ ಅದ್ದಿ ಕೊಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ, ಟೀಯ ಒಗರು ಕಬ್ಬಿಣಕ್ಕೆ ದೊಡ್ಡ ಅಡ್ಡಿ.

ನೀವು ಮೊಟ್ಟೆ, ಮಾಂಸ ತಿನ್ನುವವರೋ ಅಲ್ಲವೋ ಬರೆದಿಲ್ಲ. ತಿನ್ನುವವರಾದರೆ ಕೆಲಸ ಸುಲಭ. ದಿನಕ್ಕೊಂದು ಮೊಟ್ಟೆ ಕೊಡಿ. ಅದರಲ್ಲಿ ಕಬ್ಬಿಣ ತೀರಾ ಜಾಸ್ತಿ ಏನಿಲ್ಲ, ಆದರೆ 6 ಗ್ರಾಂ ಒಳ್ಳೆಯ ಪ್ರೋಟೀನ್ ಇದೆ, ಮಿದುಳಿಗೆ ಬೇಕಾದ ಕೋಲೀನ್ ಎಂಬ ಪೋಷಕಾಂಶ ಇದೆ. ವಾರಕ್ಕೊಮ್ಮೆ ಕೋಳಿ, ಮೀನು ಮಾಡಿದಾಗ ಮಗುವಿನ ತಟ್ಟೆಗೆ ಬರೀ ಸಾರು ಹಾಕಬೇಡಿ, ತುಂಡನ್ನು ಬಿಡಿಸಿ ಅನ್ನಕ್ಕೆ ಕಲಸಿ. ಕಬ್ಬಿಣ ಇರುವುದು ತುಂಡಿನಲ್ಲಿ. ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ, ಜೊತೆಗಿರುವ ಸೊಪ್ಪು-ಕಾಳಿನದನ್ನೂ ಹತ್ತಿಸುತ್ತದೆ. ಬೀಟ್‌ರೂಟ್ ವಿಷಯಕ್ಕೆ ಬಂದರೆ, ಅದು ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ. 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ತರಕಾರಿ ಅಂತ ತಿನ್ನಲಿ, ಔಷಧ ಅಂತ ಬೇಡ. ಶೇಂಗಾ ಒಳ್ಳೆಯದು, ಆದರೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಐದು ವರ್ಷದವರೆಗೆ ಪುಡಿ ಮಾಡಿಯೇ ಕೊಡಿ.

ಬೆಳಗ್ಗೆ ಬರೀ ಹಾಲು ಕುಡಿದು ಸ್ಕೂಲಿಗೆ ಹೋಗುವುದು ನಿಲ್ಲಬೇಕು. ಐದು ವರ್ಷದ ಆಸುಪಾಸಿನಲ್ಲಿ ಮಗು ದಿನವಿಡೀ ಬಳಸುವ ಶಕ್ತಿಯಲ್ಲಿ 40%ಗಿಂತ ಹೆಚ್ಚು ಮಿದುಳಿಗೇ ಹೋಗುತ್ತದೆ. ದೊಡ್ಡವರಲ್ಲಿ, ಅದೂ ಸುಮ್ಮನೆ ಕೂತಿರುವಾಗ, ಮಿದುಳಿನ ಪಾಲು 20%ರಷ್ಟು. ರಾತ್ರಿ ಎಂಟಕ್ಕೆ ಉಂಡ ಮಗು ಮರುದಿನ ಹತ್ತೂವರೆಗೆ ಡಬ್ಬಿ ತೆಗೆಯುವವರೆಗೆ ಗಟ್ಟಿ ಆಹಾರವಿಲ್ಲದೆ ಇದ್ದರೆ ಮಿಸ್ ಹೇಳಿದ್ದು ತಲೆಗೆ ಹೋಗುವುದಾದರೂ ಹೇಗೆ? ದೊಡ್ಡ ತಿಂಡಿ ಬೇಕಿಲ್ಲ. ತುಪ್ಪ ಹಾಕಿದ ಒಂದು ದೋಸೆ, ಶೇಂಗಾ ಚಟ್ನಿ, ಅಷ್ಟು ಸಾಕು.

ಪೌಡರಿನ ವಿಷಯ ಬೇಗ ಮುಗಿಸುತ್ತೇನೆ. ಡಬ್ಬಿಯ ಹಿಂಭಾಗ ಓದಿ. 100 ಗ್ರಾಂಗೆ 30 ಗ್ರಾಂಗೂ ಮೀರಿ ಸಕ್ಕರೆ ಇರುವ ಡಬ್ಬಿಗಳು ಅಂಗಡಿಯಲ್ಲಿ ಎಷ್ಟೋ ಇವೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿ ಇಡಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಕೆಲವು ಪೌಡರಿಗೆ ಕಬ್ಬಿಣ ಸೇರಿಸಿರುತ್ತಾರೆ ನಿಜ. ಅದನ್ನು ಹಾಲಿಗೇ ಕಲಸಿ ಕೊಟ್ಟರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಪೌಡರ್ ಹಾಕಿದರೆ ಅವಳು ಇನ್ನೂ ಒಂದು ಲೋಟ ಹಾಲು ಕೇಳುತ್ತಾಳೆ. ಡಬ್ಬಿಯ ದುಡ್ಡಿಗೆ ತಿಂಗಳಿಗೆ ಸಾಕಾಗುವಷ್ಟು ಮೊಟ್ಟೆ ಅಥವಾ ಕಾಳು ಬರುತ್ತದೆ.

ಮೊಬೈಲ್ ತೋರಿಸಿ ತಿನ್ನಿಸುವುದನ್ನು ನಾನು ಬರೀ ಶಿಸ್ತಿನ ಮಾತಾಗಿ ನೋಡುವುದಿಲ್ಲ. ಅದರಿಂದ ಊಟದ ಹೊತ್ತಿನ ಆಟ, ಮಾತು ತಪ್ಪಿಹೋಗುತ್ತದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಪುಟ್ಟ ಮಕ್ಕಳ ಮೇಲೆ ಒಂದು ಅಧ್ಯಯನ ಶುರುವಾಯಿತು. ಕೆಲವರಿಗೆ ವಾರಕ್ಕೆ ಒಂದು ಕೆ.ಜಿ. ಹಾಲಿನಪುಡಿಯ ಪೌಷ್ಟಿಕ ಆಹಾರ ಕೊಟ್ಟರು. ಇನ್ನು ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ, ಮನೆಯಲ್ಲಿ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಆಡುವುದು, ಮಾತಾಡುವುದು ಹೇಗೆ ಅಂತ ತಾಯಿಗೆ ತೋರಿಸಿದಳು. ಕೆಲವರಿಗೆ ಎರಡೂ ಸಿಕ್ಕಿತು, ಕೆಲವರಿಗೆ ಯಾವುದೂ ಇಲ್ಲ. ಎರಡು ವರ್ಷ ಇದು ನಡೆಯಿತು. ಆ ಮಕ್ಕಳಿಗೆ 22 ವರ್ಷವಾದಾಗ ನೋಡಿದರೆ, ಆಟ-ಮಾತು ಸಿಕ್ಕವರ ಸಂಪಾದನೆ ಸಿಗದವರಿಗಿಂತ ಸುಮಾರು 25% ಹೆಚ್ಚಿತ್ತು. ಬರೀ ಆಹಾರ ಸಿಕ್ಕವರಲ್ಲಿ ಅಂಥ ಲಾಭ ಉಳಿದಿರಲಿಲ್ಲ. ಹಾಗಂತ ಊಟ ಮುಖ್ಯವಲ್ಲ ಅಂತಲ್ಲ. ಗ್ವಾಟೆಮಾಲಾದ ಹಳ್ಳಿಗಳಲ್ಲಿ ಮೂರು ವರ್ಷದೊಳಗೆ ಪೌಷ್ಟಿಕ ಗಂಜಿ ಸಿಕ್ಕ ಗಂಡುಮಕ್ಕಳು ದೊಡ್ಡವರಾದಾಗ ಗಂಟೆಗೆ 46%ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ನನಗೆ ಅರ್ಥವಾಗುವುದು ಇಷ್ಟು: ಊಟ ಮಿದುಳು ಕಟ್ಟಲು ಸಾಮಾನು ಕೊಡುತ್ತದೆ, ಕಟ್ಟುವ ಕೆಲಸ ಆಟ, ಮಾತಿನಲ್ಲಿ ನಡೆಯುತ್ತದೆ. ಊಟದ ಹೊತ್ತು ಎರಡೂ ಒಟ್ಟಿಗೆ ಸಿಗುವ ಹೊತ್ತು. ‘ಇದು ಯಾವ ಕಾಳು? ಅವರೆಯಾ ಹುರುಳಿಯಾ? ಎಷ್ಟು ಹೆಕ್ತೀಯ, ಹೆಕ್ಕು ನೋಡೋಣ’ ಅಂತ ನೀವು ಕೇಳಿದರೆ ಅವಳು ಎಣಿಸುವುದು, ಬಣ್ಣ, ಬೆರಳಿನ ಹಿಡಿತ, ಮಾತು ಎಲ್ಲ ಕಲಿಯುತ್ತಾಳೆ. ಮೊಬೈಲ್ ನೋಡುತ್ತಾ ತಿಂದರೆ ಯಾವ ರುಚಿ ತಿಂದೆ, ಹೊಟ್ಟೆ ತುಂಬಿತಾ ಅಂತಲೂ ಅವಳಿಗೆ ತಿಳಿಯುವುದಿಲ್ಲ. ಏನು ಬಡಿಸಬೇಕು ಅನ್ನುವುದು ನಿಮ್ಮ ಕೆಲಸ, ಎಷ್ಟು ತಿನ್ನಬೇಕು ಅನ್ನುವುದು ಅವಳದು. ಇಪ್ಪತ್ತು-ಇಪ್ಪತ್ತೈದು ನಿಮಿಷವಾದ ಮೇಲೆ ತಟ್ಟೆ ಎತ್ತಿಬಿಡಿ, ಹಿಂದೆ ಓಡಬೇಡಿ.

ಉಪ್ಪಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಈಚೆಗೆ ಒಳ್ಳೆಯದು ಅಂತ ಕಲ್ಲುಪ್ಪು, ಸೈಂಧವ ಲವಣಕ್ಕೆ ಬದಲಾಗಿರುವ ಮನೆಗಳು ಜಾಸ್ತಿ. ಅವುಗಳಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಥೈರಾಯ್ಡ್ ಮೂಲಕ ಮಗುವಿನ ಮಿದುಳಿನ ಬೆಳವಣಿಗೆಗೆ ಅಯೋಡಿನ್ ಬೇಕು, ಗರ್ಭದಿಂದಲೇ ಬೇಕು. ಪ್ಯಾಕೆಟ್ ಮೇಲೆ ಅಯೋಡಿನ್‌ಯುಕ್ತ ಅಂತ ಇರುವ ಉಪ್ಪನ್ನೇ ಬಳಸಿ, ಒಲೆ ಪಕ್ಕ ತೆರೆದಿಡಬೇಡಿ.

ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಯೋಚನೆ ಆಗಿದ್ದು ಕೊನೆಯ ಸಾಲು ಓದಿ. ಏಳು ತಿಂಗಳ ಮಗನಿಗೆ ಅನ್ನದ ಗಂಜಿ. ಮಗು ಹುಟ್ಟುವಾಗ ಅಮ್ಮನಿಂದ ತಂದ ಕಬ್ಬಿಣ ಸುಮಾರು ಆರು ತಿಂಗಳಿಗೆ ಮುಗಿಯುತ್ತಾ ಬರುತ್ತದೆ, ತೂಕ ಕಡಿಮೆ ಇದ್ದು ಹುಟ್ಟಿದ್ದರೆ ಇನ್ನೂ ಬೇಗ. ಎದೆಹಾಲು ಮುಂದುವರಿಯಲೇಬೇಕು, ಆದರೆ ಅದರಲ್ಲಿ ಕಬ್ಬಿಣ ಕಡಿಮೆ. ಅನ್ನದ ಗಂಜಿಯಲ್ಲಿ ಅದೂ ಇಲ್ಲ, ನೀರೇ ಜಾಸ್ತಿ. ಕೋಸ್ಟರಿಕಾದಲ್ಲಿ ಒಂದೆರಡು ವರ್ಷದ ವಯಸ್ಸಿನಲ್ಲಿ ತೀವ್ರ ಕಬ್ಬಿಣ ಕೊರತೆ ಇದ್ದ ಮಕ್ಕಳನ್ನು 19 ವರ್ಷದವರೆಗೆ ಗಮನಿಸಿದರು. ಚಿಕಿತ್ಸೆ ಕೊಟ್ಟು ರಕ್ತ ಸರಿಹೋಗಿದ್ದರೂ ಬುದ್ಧಿಯ ಪರೀಕ್ಷೆಗಳಲ್ಲಿ ಅವರು ಹಿಂದೆಯೇ ಉಳಿದಿದ್ದರು, ಬಡ ಮನೆಯ ಮಕ್ಕಳಲ್ಲಿ ಆ ಅಂತರ ಇನ್ನೂ ಹೆಚ್ಚಿತ್ತು. ದೊಡ್ಡ ಮಕ್ಕಳಲ್ಲಿ ಕೊರತೆ ಸರಿಮಾಡಿದರೆ ಗಮನ, ಕಲಿಕೆ ಸುಧಾರಿಸುವ ಸಾಧ್ಯತೆ ಚೆನ್ನಾಗಿಯೇ ಇದೆ. ಎರಡು ವರ್ಷದೊಳಗಿನ ಕೊರತೆಯ ವಿಷಯದಲ್ಲಿ ಹಾಗೆ ಧೈರ್ಯವಾಗಿ ಹೇಳಲಾಗುವುದಿಲ್ಲ. ಅದಕ್ಕೇ ಅವನದು ಮುಂದಕ್ಕೆ ಹಾಕುವ ಕೆಲಸವಲ್ಲ.

ಗಂಜಿ ಬದಲು ಮೊಳಕೆ ರಾಗಿಯ ಸರಿ ಮಾಡಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ ಜರಡಿ ಹಿಡಿಯಿರಿ. ಮೊಳಕೆಯ ಹಿಟ್ಟು ಬೇಯಿಸಿದಾಗ ತೆಳುವಾಗುತ್ತದೆ, ಹಾಗಾಗಿ ಅಷ್ಟೇ ಬಟ್ಟಲಿಗೆ ಜಾಸ್ತಿ ಹಿಟ್ಟು ಹಿಡಿಸುತ್ತದೆ. ಚಮಚ ವಾರೆ ಮಾಡಿದರೆ ಸರಿ ಹರಿದುಹೋಗಬಾರದು, ಅಂಟಿಕೊಂಡಿರಬೇಕು. ಜೊತೆಗೆ ಚೆನ್ನಾಗಿ ಬೇಯಿಸಿ ಹಿಸುಕಿದ ಹೆಸರುಬೇಳೆ, ನುಗ್ಗೆಸೊಪ್ಪು ಅಥವಾ ದಂಟಿನಸೊಪ್ಪು, ಅರ್ಧ ಚಮಚ ತುಪ್ಪ. ಮೊಟ್ಟೆ ತಿನ್ನುವವರಾದರೆ ಪೂರ್ತಿ ಬೇಯಿಸಿದ ಮೊಟ್ಟೆ ಈಗಲೇ ಶುರು ಮಾಡಬಹುದು, ಮೊದಲ ದಿನ ಚೂರೇ ಚೂರು ಕೊಟ್ಟು ನೋಡಿ. ದಿನಕ್ಕೆ ಎರಡು-ಮೂರು ಸಲ ಸಾಕು. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಜೇನು ಬೇಡ, ಎದೆಹಾಲಿನ ಬದಲಿಗೆ ಹಸುವಿನ ಹಾಲೂ ಬೇಡ.

ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನು ಕೇಳಿ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಮಿಲಿ ಕಬ್ಬಿಣದ ಸಿರಪ್ ಉಚಿತವಾಗಿ ಕೊಡುತ್ತಾರೆ. ಮಗನಿಗೆ ಅದು ಶುರುವಾಗಲಿ. ಮಗಳಿಗೆ ರಿಪೋರ್ಟ್ ಬಂದಮೇಲೆ ಡಾಕ್ಟರ್ ಹೇಳಿದ ಪ್ರಮಾಣ. ಮಗಳ ರಕ್ತ ತೆಗೆಸುವ ದಿನ ನಿಮ್ಮದೂ ಕೊಟ್ಟು ಬನ್ನಿ. ಹೆರಿಗೆಯಾದ ಮೇಲೆ 180 ದಿನ ನುಂಗಬೇಕಾದ ಕಬ್ಬಿಣದ ಮಾತ್ರೆಯನ್ನು ಪೂರ್ತಿ ಮುಗಿಸಿದ ತಾಯಂದಿರು ಕಡಿಮೆ, ನಿಮ್ಮ ಪತ್ರದಲ್ಲಿ ಎಲ್ಲರ ಊಟದ ಲೆಕ್ಕ ಇದೆ, ನಿಮ್ಮದು ಇಲ್ಲ.